ಹುಬ್ಬಿನ ಮೇಲೆ ಎರಡು ಬೆರಳು

ಇಚಲಕರಂಜಿ
17-11-2024

ಯವ್ವಾ,

ಈ ಸಲಾ ಮೊದಲ ಸೋನಲಗ ಹೇಳತೇನಿ. ಸೋನಲ, ನಾ ಹೆಂಗ ಮಾತಾಡತೇನೋ ಹಂಗ ಬರಿ. ಹೋದ ಸಲಾ "ನಾನು ಇಲ್ಲಿ ಕ್ಷೇಮವಾಗಿದ್ದೇನೆ" ಅಂತ ಬರದಿದ್ದಿ. ಅವ್ವ ಅದನ್ನ ಓದಿ, "ಇಂವ ನನ್ನ ಮಗ ಅಲ್ಲ, ಯಾವನೋ ಕಚೇರಿ ತಲಾಠಿ ಅದಾನ" ಅಂದ್ಲಂತ. ಅಕ್ಕ, ಅಂದ್ರ ನಿಮ್ಮವ್ವ, ಫೋನಿನ್ಯಾಗ ಹೇಳಿ ನಕ್ಕಳು.

ಯವ್ವಾ, ವಿಡಿಯೋ ಕಾಲ್ ಯಾಕ ಮಾಡಂಗಿಲ್ಲ ಅಂತ ಕೇಳಿದ್ದಿ. ನೀ ನಿನ್ನ ಕಿವಿ ಮಗ್ಗಕ್ಕ ಕೊಟ್ಟ ಬಂದಾಕಿ. ನಿನ್ನ ಕೂಡ ಕೈಲೆ ಮಾತಾಡಬೇಕು, ಕೈ ಕಾಣಬೇಕಂದ್ರ ಬೆಳಕ ಬೇಕು. ನಮ್ಮ ಖೋಲಿಯೊಳಗ ಒಂದ ಪಾಳಿ ಮಂದಿ ಎದ್ದಾಗ ಇನ್ನೊಂದ ಪಾಳಿ ಮಲಗಿರತೈತಿ. ದೀಪ ಹಚ್ಚಿದ್ರ ಚಪ್ಪಲಿ ಬರತಾವ. ಸೂಟಿ ದಿನಾ ಮಾಡೂನಂದ್ರ ನೀ ಗೋಡಂಬಿ ಕೆಲಸಕ್ಕ ಹೋಗಿರತಿ. ಅದಕ್ಕ ಕೆಲಸ ಬಿಟ್ಟ ಮ್ಯಾಲ ಮಾಳಗಿ ಹತ್ತಿ, ಕತ್ತಲದಾಗ ಕುಂತ, ಈ ಫೋನಿಗಿ ಹೇಳತೇನಿ. ಫೋನ್ ಸೋನಲಗ ಹೇಳತೈತಿ, ಸೋನಲ ಕಾಗದಕ್ಕ ಹೇಳತಾಳ, ಕಾಗದ ನಿಂಗ ಹೇಳತೈತಿ.

ಈಗ ಹೊಸ ಸುದ್ದಿ ಕೇಳು. ನಮ್ಮ ಸಾಲಮನಿ ಚಾಳದ ಮುಂದಿನ ಚೌಕದಾಗ ಒಂದ ಎತ್ತರನ ಕಂಬ ನಿಂದರ್ಸ್ಯಾರ. ಅದರ ತಲಿ ಮ್ಯಾಲ ಕ್ಯಾಮೆರಾ. ಸರಕಾರದ್ದು. ಕಳ್ಳತನ ಆಗಬಾರದು, ಹೆಣ್ಣಮಕ್ಕಳಿಗಿ ಭೀತಿ ಇರಬಾರದು ಅಂತ ಹಾಕ್ಯಾರಂತ. ಅಡ್ಡಾಡೋ ಕಣ್ಣದು, ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಹೊಳ್ಳತೈತಿ. ನಾ ಅದರ ಕೆಳಗ ನಿಂತ ಎಡಕ್ಕ ಹೋದ್ನಿ, ಬಲಕ್ಕ ಹೋದ್ನಿ, ಸಲಾಮ ಹೊಡದ್ನಿ. ಅದು ನನ್ನ ನೋಡತೈತೋ, ನೋಡಿದಂಗ ಮಾಡತೈತೋ? ಅದರ ಹಿಂದ ಕುಂತಾಂವಗ ಹೆಸರ ಐತೇನ? ಅಂವ ಚಹಾ ಕುಡ್ಯಾಕ ಹೋದಾಗ ನಾವು ಯಾರಿಗಿ ಕಾಣತೇವಿ?

ದತ್ತಾ ಬಿದ್ದ ಬಿದ್ದ ನಕ್ಕ. ದತ್ತಾ ಅಂದ್ರ ನನ್ನ ಬಾಜೂಕಿನ ಮಗ್ಗ ನಡಸಾಂವ. "ಯಲ್ಲ್ಯಾ, ನಿನ್ನ ಮಾರಿ ನೋಡಿ ನೋಡಿ ಆ ಕ್ಯಾಮೆರಾ ರಾಜೀನಾಮೆ ಕೊಡತೈತಿ ಬಿಡೋ!" ಅವನ ಅಕ್ಕ ವೃಷಾಲಿ ಮಾತ್ರ ನಗಲಿಲ್ಲ. ಆಕಿ ನಮ್ಮ ಕಾರಖಾನೆದಾಗ ಕಾಂಡಿಗಿ ನೂಲ ಸುತ್ತತಾಳ. ಕೆಲಸದಾಗೂ ಹರಿತ, ಮಾತನ್ಯಾಗೂ ಹರಿತ. "ಕಣ್ಣ ಐತಿ, ರೆಪ್ಪಿ ಇಲ್ಲ. ರೆಪ್ಪಿ ಇಲ್ಲದ್ದರ ಮುಂದ ನಾ ನಿಂದ್ರಂಗಿಲ್ಲ" ಅಂತ ಸೆರಗ ಎಳಕೊಂಡ ಹೋದ್ಲು.

ಇನ್ನೊಂದ: ನನ್ನ ಸೈಕಲ್ ಕಳುವಾಗೈತಿ. ಕ್ಯಾಮೆರಾದ ಕೆಳಗಿಂದನ!

ನಿನ್ನ ಮಗ,
ಯಲಗೂರಪ್ಪ

(ಅಜ್ಜಿ, ಮಾಮಾ ಮಾತಾಡಿದ ಹಾಗೇ ಬರೆದಿದ್ದೇನೆ. ನಡುವೆ ಎರಡು ಸಲ ಕೆಮ್ಮಿದ್ದಾನೆ. ಅದನ್ನು ಬರೆದಿಲ್ಲ. — ಸೋನಲ)


ಗಡಹಿಂಗ್ಲಜ
24-11-2024

ಯಲ್ಲು,

ನಿನ್ನ ಮಾತು ಓದಿದೆ. ಈ ಸಲ ನೀನೇ ಬಂದು ಕಟ್ಟೆಯ ಮೇಲೆ ಕೂತಂತೆ ಅನಿಸಿತು. ನಾನು ಮಾತ್ರ ಸಾಲೆಯ ಭಾಷೆಯಲ್ಲೇ ಬರೆಯುತ್ತೇನೆ. ಏಳನೆಯ ಇಯತ್ತೆಯವರೆಗೆ ಕಲಿತದ್ದನ್ನು ಎಲ್ಲಿಯಾದರೂ ಖರ್ಚು ಮಾಡಬೇಕಲ್ಲ. ಬರೆದದ್ದನ್ನು ಸೋನಲ ಫೋಟೋ ಹೊಡೆದು ಕಳಿಸುತ್ತಾಳೆ.

ಕೆಮ್ಮು ಯಾಕೆ? ಮಾಳಿಗೆಯ ಮೇಲೆ ಟೊಪ್ಪಿಗೆ ಹಾಕಿಕೊಂಡು ಕೂರು.

ಕಂಬದ ಸುದ್ದಿ ಓದಿ ನನಗೆ ನಮ್ಮ ಸೇಠಜಿಯ ಕಿಡಕಿ ನೆನಪಾಯಿತು. ನಾವು ಶಹಾಪುರದ ಕಾರಖಾನೆಯಲ್ಲಿದ್ದಾಗ ಸೇಠಜಿ ಮೇಲೆ ಒಂದು ಖೋಲಿ ಕಟ್ಟಿಸಿ, ಅದಕ್ಕೆ ಗಾಜಿನ ಕಿಡಕಿ ಇಡಿಸಿದ. ಅಲ್ಲಿಂದ ಎಲ್ಲ ಮಗ್ಗಗಳೂ ಕಾಣುತ್ತಿದ್ದವು. ಮಗ್ಗದ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳದು, ಎಲ್ಲರೂ ಕೈಮಾತೇ. ಅವನು ಕಿಡಕಿಗೆ ಬಂದನೆಂದರೆ ಮೊದಲು ಕಂಡವಳು ಹುಬ್ಬಿನ ಮೇಲೆ ಎರಡು ಬೆರಳು ಇಡುತ್ತಿದ್ದಳು. ಮೇಲಿನಿಂದ ನೋಡುತ್ತಿದ್ದಾನೆ ಎಂದು ಅರ್ಥ. ಒಂದು ಮಗ್ಗದಿಂದ ಇನ್ನೊಂದಕ್ಕೆ ಆ ಎರಡು ಬೆರಳು ಓಡುತ್ತಿದ್ದವು. ಬೆವರು ಒರೆಸುತ್ತಾರೆ ಎಂದೇ ಸೇಠಜಿ ತಿಳಿದಿದ್ದ. ಅದನ್ನು ಮೊದಲು ಮಾಡಿದವಳು ನಾನೇ ಎಂದು ನಿನ್ನ ಅಪ್ಪ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದ.

ಈಗಿನ ಹುಡುಗರೂ ಆ ಬೆರಳು ಇಡುತ್ತಾರೆಯೇ?

ಆದರೆ ಒಂದು ವಿಚಾರ ಬಂತು. ಸೇಠಜಿ ಕಿಡಕಿಗೆ ಬಂದರೆ ನಮಗೂ ಅವನು ಕಾಣುತ್ತಿದ್ದ. ಅವನಿಗೆ ಹೊಟ್ಟೆ ಬಂದದ್ದು, ಕೂದಲು ಉದುರಿದ್ದು, ಹೆಂಡತಿಯ ಸಂಗಡ ಜಗಳವಾಗಿ ಮಾರಿ ಸಣ್ಣ ಮಾಡಿಕೊಂಡು ನಿಂತದ್ದು, ಎಲ್ಲ ನೋಡಿದ್ದೇವೆ. ನಿಮ್ಮ ಕಂಬದವನು ನಿಮಗೆ ಕಾಣುತ್ತಾನೆಯೇ?

ಸೈಕಲ್ಲಿನ ಸಲುವಾಗಿ ಯಾರ ಸಂಗಡವೂ ಜಗಳವಾಡಬೇಡ.

ನಿನ್ನ ಅವ್ವ,
ಲಗಮವ್ವ


ಇಚಲಕರಂಜಿ
15-12-2024

ಯವ್ವಾ,

ಸೈಕಲ್ ಸಿಕ್ಕತು! ಮತ್ತ ಕಂಬದಾಂವನೂ ಕಂಡ!

ಪೋಲೀಸರಿಗಿ ಸೈಕಲ್ಲಿನ ಕಂಪ್ಲೇಂಟ್ ಕೊಟ್ಟಿದ್ನಿ, ಬಂದ ಗುರ್ತ ಹಿಡಿ ಅಂತ ಕರದಿದ್ರು. ಒಂದ ಥಂಡ ಖೋಲಿ. ಗ್ವಾಡಿ ತುಂಬ ಟೀವಿ. ಗುತ್ತಿಗೆ ಮ್ಯಾಲ ಇಟ್ಟ ಹುಡುಗ್ರು ಇಬ್ರು ಖುರ್ಚಿ ಮ್ಯಾಲ ಕುಂತಿದ್ರು. ನಮ್ಮಂಥವ್ರ ಯವ್ವಾ, ಒಬ್ಬಂವ ಶೇಂಗಾ ತಿನ್ನಾಕತ್ತಿದ್ದ. ಕಂಬದ ಹಿಂದ ಯಾವನೋ ದೊಡ್ಡ ಸಾಹೇಬ ಅದಾನಂತ ನಾ ತಿಳದಿದ್ನಿ.

ಆ ಹುಡುಗ ದಿನಾನ ಹಿಂದಕ್ಕ ತಿರುಗಿಸಿದ. ಚಂಜಿ ಹೋಗಿ ಮಧ್ಯಾಹ್ನ ಆತು, ಮಧ್ಯಾಹ್ನ ಹೋಗಿ ಮುಂಜಾನೆ ಆತು. ಅದರಾಗ ಒಬ್ಬ ಮನಷ್ಯಾ ಚೌಕ ದಾಟಾಕತ್ತಿದ್ದ, ಎಡಕ್ಕ ವಾಲಿ ವಾಲಿ. ಯಾರಿಂವ, ಅಪ್ಪನಂಗ ನಡಿತಾನಲ್ಲ ಅಂದ್ಕೊಂಡ್ನಿ. ಅದು ನಾನ. ನಾ ನಡಿಯೂದನ್ನ ನಾ ಎಂದೂ ನೋಡಿರ್ಲಿಲ್ಲ. ಅಪ್ಪ ಸತ್ತ ಮ್ಯಾಲ ಅಂವ ಇಷ್ಟ ದಿನಾ ನನ್ನ ಕಾಲಾಗ ಇದ್ನಂತ ನಂಗ ಗೊತ್ತ ಇರ್ಲಿಲ್ಲ.

ಖರೇ ಹೇಳ್ತೇನಿ, ಆಗ ಆ ಕ್ಯಾಮೆರಾಕ್ಕ ಕೈ ಮುಗೀಬೇಕು ಅನಿಸ್ತು. ಕಳ್ಳನೂ ಕಂಡ. ಹಿಂದಿನ ಓಣಿಯಾಂವ, ಕುಡದ ತನ್ನ ಸೈಕಲ್ ಅಂತ ತಿಳದ ಒಯ್ದಿದ್ದ. ನಗ್ಯಾಡಿ ಬಿಟ್ಟೇವಿ.

ಆಮ್ಯಾಲ...

(ಅಜ್ಜಿ, ಇಲ್ಲಿ ಮಾಮಾ ಬಹಳ ಹೊತ್ತು ಸುಮ್ಮನಿದ್ದಾನೆ. ನಾಯಿ ಬೊಗಳುವುದಷ್ಟೇ ಕೇಳುತ್ತದೆ. — ಸೋನಲ)

ಯವ್ವಾ, ಆ ಕಣ್ಣ ಹೊಳ್ಳತೈತಿ ಅಂದಿದ್ನೆಲ್ಲಾ. ಹೊಳ್ಳಿದಾಗ ನಮ್ಮ ಚಾಳದ ಹಿತ್ತಲ ಕಂಡತು. ಹೆಣ್ಣಮಕ್ಕಳ ಬಚ್ಚಲ ನಿಂಗ ಗೊತ್ತೈತಲ್ಲ. ಮೂರೂ ಕಡೆ ತಗಡ, ಮುಂದ ಪರದೆ, ಮ್ಯಾಲ ಏನಿಲ್ಲ. ನೆಲದ ಮ್ಯಾಲ ನಿಂತಾವ್ರಿಗಿ ಏನೂ ಕಾಣಂಗಿಲ್ಲ. ಕಂಬ ನೆಲದ ಮ್ಯಾಲ ನಿಂತಿಲ್ಲ ನೋಡು.

ಒಳಗ ಒಬ್ಬಾಕಿ ಇದ್ಲು. ನಾ ಮಾರಿ ಹೊಳ್ಳಿಸಿದ್ನಿ. ಹೊಳ್ಳಿಸೂಕಿಂತ ಮೊದಲ ಗುರ್ತ ಸಿಕ್ಕತು. ಶೇಂಗಾ ತಿನ್ನಾಂವ ಗುಂಡಿ ಒತ್ತಿ ಚಿತ್ರಾ ದೊಡ್ಡದ ಮಾಡಿದ. ಇನ್ನೊಬ್ಬ ಏನೋ ಅಂದ. ಇಬ್ರೂ ನಕ್ಕರು. ದಿನಾ ನಗೂ ನಗಿ ಅದು, ಹೊಸಾದಲ್ಲ.

ಹೆಸರ ಹೇಳಂಗಿಲ್ಲ. ಸೋನಲ, ನೀ ಕೇಳಬ್ಯಾಡ. ಆ ಹೆಣ್ಣಮಗಳಿಗಿ ಏನೂ ಗೊತ್ತಿಲ್ಲ. ಇವತ್ತ ನನ್ನ ಮುಂದ ಹಾದ ಹೋದ್ಲು, "ಸೈಕಲ್ ಸಿಕ್ಕತಂತ, ಪೇಢೆ ಎಲ್ಲೆ?" ಅಂದ್ಲು. ನಾ ನೆಲಾ ನೋಡಿದ್ನಿ.

ಹೇಳಲ್ಯಾ, ಬಿಡಲ್ಯಾ? ಹೇಳಿದ್ರ, ನೀ ಹೆಂಗ ನೋಡಿದಿ ಅಂತಾರ. ಬಿಟ್ರ, ನಾಳೆನೂ ಆಕಿ ಅಲ್ಲೇ ಜಳಕಾ ಮಾಡತಾಳ.

ನಿನ್ನ ಮಗ,
ಯಲ್ಲು


ಗಡಹಿಂಗ್ಲಜ
18-12-2024

ಯಲ್ಲು,

ಗಂಡಸರಿಗೆ ಹೇಳಬೇಡ. ಗಂಡಸರಿಗೆ ಹೇಳಿದರೆ ಅವರು ಕ್ಯಾಮೆರಾದವರನ್ನು ಬಿಟ್ಟು ಆ ಹುಡುಗಿಗೇ ಬೈಯುತ್ತಾರೆ. ಕೆಲಸ ಬಿಡಿಸಿ ಊರಿಗೆ ಕಳಿಸುತ್ತಾರೆ. ಹೆಣ್ಣುಮಕ್ಕಳಲ್ಲಿ ಧೈರ್ಯದವಳು ಯಾರಿದ್ದಾಳೆ ನೋಡಿ ಅವಳಿಗೆ ಹೇಳು. ಯಾರು ಕಂಡರು ಎಂದು ಹೇಳಬೇಡ, ಕಾಣುತ್ತದೆ ಎಂದಷ್ಟೇ ಹೇಳು. ಉಳಿದದ್ದನ್ನು ಅವರು ನೋಡಿಕೊಳ್ಳುತ್ತಾರೆ.

ಬಾಯಿಂದ ಹೇಳಬೇಡ. ಚಾಳದಲ್ಲಿ ಒಬ್ಬರು ಸೀನಿದರೆ ಹತ್ತು ಮನೆಗೆ ಕೇಳುತ್ತದೆ. ಕೈಯಿಂದ ಹೇಳು. ಕಾರಖಾನೆಯಲ್ಲಿ ನಾವು ಗುಟ್ಟಿನದ್ದನ್ನೆಲ್ಲ ಕೈಯಿಂದಲೇ ಹೇಳಿದ್ದು. ಸೇಠಜಿಗೆ ಒಂದೂ ತಿಳಿಯಲಿಲ್ಲ.

ಅಪ್ಪನ ನಡಿಗೆಯ ಸಾಲನ್ನು ಎರಡು ಸಲ ಓದಿದೆ.

ಅವ್ವ


ಇಚಲಕರಂಜಿ
19-01-2025

ಯವ್ವಾ,

ಭಾಳ ದಿನಾ ಆತು ಸುದ್ದಿ ಇಲ್ಲ ಅಂತ ಸೋನಲ ಬೈದಾಳ. ಸುದ್ದಿ ಭಾಳ ಆಗ್ಯಾವ, ಅದಕ್ಕ ಸುದ್ದಿ ಇಲ್ಲ.

ನೀ ಹೇಳಿದಂಗ ಕೈಲೆ ಹೇಳಿದ್ನಿ. ಧೈರ್ಯದಾಕಿ ಅಂದ್ರ ನಮ್ಮಲ್ಲೆ ವೃಷಾಲಿನ. ಸೂಟಿ ದಿನಾ ಚಂಜಿ ಮುಂದ ಆಕಿ ಚೌಕದ ಆ ಕಡೆ ನಳದ ಹಂತೇಕ ಕೊಡ ಹಿಡಕೊಂಡ ನಿಂತಿದ್ಲು. ನಾನೂ ದತ್ತಾನೂ ಈ ಕಡೆ ವಡಾಪಾವ ಗಾಡಿ ಮುಂದ. ದತ್ತಾ ಮೆಣಸಿನಕಾಯಿ ಸಲುವಾಗಿ ಗಾಡಿಯಾಂವನ ಕೂಡ ವಾದಾ ಹಾಕ್ಯಾಡಾಕತ್ತಿದ್ದ, ಬೆನ್ನ ನಮ್ಮ ಕಡೆ. ನಾ ಆಕೀಗಿ ನೋಡಿ, ತೋಳ ತಿಕ್ಕಿ ತೋರಿಸಿದ್ನಿ, ಜಳಕಾ. ಆಮ್ಯಾಲ ಹುಬ್ಬಿನ ಮ್ಯಾಲ ಎರಡ ಬೆರಳ. ಆಮ್ಯಾಲ ಬೆರಳ ಮ್ಯಾಲಕ್ಕೆತ್ತಿ ಕಂಬಾ ತೋರಿಸಿದ್ನಿ. ಆಕಿ ಕೊಡ ಕೆಳಗ ಇಟ್ಲು. "ಖರೇನ?" ಅಂತ ಕೈಲೆ ಕೇಳಿದ್ಲು. ನಾ ಗೋಣ ಹಾಕಿದ್ನಿ.

ಮರದಿನಾ ಮುಂಜಾನೆ ನೋಡತೇನಿ, ಕ್ಯಾಮೆರಾ ಬಟ್ಟಿ ಉಟ್ಟೈತಿ! ನಮ್ಮ ಮಗ್ಗದ ಕೋರಾ ಬಟ್ಟಿ, ತಲಿಯಿಂದ ಇಳಿಬಿಟ್ಟಂಗ, ಮದಲಗಿತ್ತಿಗಿ ಸೆರಗ ಹೊಚ್ಚಿದಂಗ. ಚಾಳಕ್ಕ ಚಾಳ ಹೊರಗ ನಿಂತ ನಕ್ಕತು. ಯಾರ ಹೊಚ್ಚಿದ್ರು ನಾ ನೋಡಿಲ್ಲ. ನೋಡಿಲ್ಲ ಅನ್ನೂದು ಖರೇನ ಐತಿ. ಹೆಣ್ಣಮಕ್ಕಳು ಮಾತ್ರ ಯಾರೂ ಯಾರ ಮಾರೀನೂ ನೋಡಲಾರದ ಪಾತ್ರೆ ತಿಕ್ಕಾಕತ್ತಿದ್ರು.

ನಮ್ಮ ತಪ್ಪ ಎಲ್ಲೆ ಆತು ಗೊತ್ತಾತೇನ ಯವ್ವಾ? ಕಾರಖಾನೆದಾಗ ಕಿವಿ ಕೆಲಸ ಮಾಡಂಗಿಲ್ಲ, ಅಲ್ಲೆ ಕೈ ಗುಟ್ಟಿಂದು. ಕಂಬಕ್ಕ ಕಿವೀನ ಇಲ್ಲ, ಬರೇ ಕಣ್ಣ. ಅದರ ಮುಂದ ನಾ ಬಾಯಿಲೆ ಒದರಿದ್ರೂ ನಡೀತಿತ್ತು. ಕೈ ಮಾಡಿದ್ನಿ. ಅದಕ್ಕ ತಿಳಿಯೂದು ಅದೊಂದ!

ಪೋಲೀಸರು ಕರದ್ರು. ಪಿ.ಎಸ್.ಐ. ಬಾಯಿ ಅದಾಳ, ಶುಭಾಂಗಿ ಮೇಡಂ ಅಂತ. ಕೆಟ್ಟ ಹೆಣ್ಣಮಗಳಲ್ಲ, ಕುಂದ್ರ ಅಂದ್ಲು, ನೀರ ಕೊಟ್ಲು. ಟೀವಿ ಹಚ್ಚಿದ್ಲು. ಟೀವಿಯೊಳಗ ನಾ ತೋಳ ತಿಕ್ಕತೇನಿ, ಹುಬ್ಬಿಗಿ ಬೆರಳ ಇಡತೇನಿ, ಕಂಬಾ ತೋರಸತೇನಿ, ವೃಷಾಲಿ ಕೊಡ ಕೆಳಗ ಇಡತಾಳ. ಆಮ್ಯಾಲ ಕತ್ತಲ. ಆಮ್ಯಾಲ ಒಂದ ಬಿದಿರಿನ ಕೋಲ ಮ್ಯಾಲಕ್ಕ ಬರತೈತಿ, ಬಟ್ಟಿ ಬರತೈತಿ, ಮುಗೀತು.

"ಕಾಯ ಸಾಂಗಿತಲಂಸ ತಿಲಾ?" ಅಂದ್ಲು. ಆಕೀಗಿ ಏನ ಹೇಳಿದಿ ಅಂತ.

"ಮೇಡಂ, ನಾವು ಮಗ್ಗದ ಮಂದಿ. ಕೈ ಹಂಗ ಆಡತಾವ, ಚಟಾ."

"ಚಟಾಕ್ಕ ಕಂಬಾ ತೋರಸತಾರೇನ?" ಅಂತ ಮರಾಠಿಯೊಳಗ ನಕ್ಕಳು. ಆಮ್ಯಾಲ ನಗೂದ ಬಿಟ್ಲು. "ಸರಕಾರಿ ಕ್ಯಾಮೆರಾ ಅದು, ಕೇಸ್ ಆಗತೈತಿ. ನಿಂದೇನೂ ಮುಚ್ಚಿಡೂದು ಇಲ್ಲಂದ್ರ ಹೇಳಾಕೇನ? ಮುಂದಿನ ವಾರ ಬಾ. ಹೇಳಲಿಲ್ಲಂದ್ರ ಆ ಹುಡಿಗೀನ ಕರಸ್ತೇನಿ."

ಯವ್ವಾ, ಆಕಿ ಕೇಳಿದ್ದ ಮಾತನ್ನ ನಾನೂ ನನ್ನ ಕೇಳಾಕತ್ತೇನಿ. ಮುಚ್ಚಿಡೂದು ನಂದೇನೂ ಇಲ್ಲ. ನಾ ಕಳ್ಳ ಅಲ್ಲ. ಆದ್ರ ಈ ಮಾತ ನಂದಲ್ಲ. ನಾ ಹೇಳಿದ್ರ ಅಲ್ಲೆ ಕುಂತ ಹವಾಲ್ದಾರ ಕೇಳತಾನ, ಶೇಂಗಾದಾಂವ ಕೇಳತಾನ, ಚಂಜಿತನಕ ಚಾಳಿಗಿ ಬರತೈತಿ. ಹೆಸರ ನಾ ಹೇಳದಿದ್ರೂ ಮಂದಿ ಒಬ್ಬೊಬ್ಬಾಕಿ ಮಾರಿ ನೋಡಿ, ಈಕಿ ಇರಬೇಕ, ಆಕಿ ಇರಬೇಕ ಅಂತಾರ. ಹೇಳಲಿಲ್ಲಂದ್ರ ವೃಷಾಲಿ ಮ್ಯಾಲ ಕೇಸ್. ಪೋಲೀಸರು ಕರದ ಹೆಣ್ಣಮಗಳನ್ನ ನಮ್ಮ ಸೇಠ ಮರದಿನಾ ಕೆಲಸಕ್ಕ ಇಟಗೊಳ್ಳಂಗಿಲ್ಲ.

ದತ್ತಾ ಮಾತ ಬಿಟ್ಟಾನ. "ನನ್ನ ಬೆನ್ನ ಹಿಂದ ನಮ್ಮ ಅಕ್ಕಗ ಏನ ಹೇಳಿದಿಲೇ?" ಅಂದ. ನಾ ನನ್ನ ಮಗ್ಗದ ಕಡೆ ಹೊಳ್ಳಿದ್ನಿ. ಈಗ ಬಾಜೂಕ ನಿಂತ ಮಗ್ಗ ನಡಸ್ತಾನ, ಅವನ ಎಳಿ ಹರದ್ರೂ ನನ್ನ ಕರ್ಯಂಗಿಲ್ಲ.

ಏನ ಮಾಡ್ಲಿ? ಲಗೂನ ಬರಿ.

ಯಲ್ಲು


ಗಡಹಿಂಗ್ಲಜ
21-01-2025

ಯಲ್ಲು,

ಕೈಯಿಂದ ಹೇಳು ಎಂದವಳು ನಾನು. ಕಿವಿ ಹೋದವಳು ಕಿವಿಯ ಲೆಕ್ಕವನ್ನೇ ಹಾಕಿದೆ. ಇರಲಿ.

ಇಡೀ ದಿನ ಗೋಡಂಬಿ ಸುಲಿಯುತ್ತ ಅದನ್ನೇ ವಿಚಾರ ಮಾಡಿದೆ. ಇಲ್ಲಿಯೂ ಒಂದು ಕ್ಯಾಮೆರಾ ಇದೆ, ನಾವು ಗೋಡಂಬಿ ಬಾಯಿಗೆ ಹಾಕಿಕೊಳ್ಳುತ್ತೇವೋ ಎಂದು ನೋಡುವುದಕ್ಕೆ. ಆಜರಾ ಊರಿನ ಯಮುನವ್ವ ನನ್ನ ಬಾಜೂಕ ಕೂರುತ್ತಾಳೆ. ಅವಳಿಗೆ ನಿನ್ನ ಸುದ್ದಿ ಹೇಳಲಿಲ್ಲ, ಬರೇ ಕೇಳಿದೆ: "ಯಮುನಾ, ಇದು ನಿನ್ನ ನೋಡಿದ್ರ ನಿಂಗೇನ ಅನಸ್ತೈತಿ?" ನನಗೆ ತಿಳಿಯಲೆಂದು ತುಟಿ ಬಿಡಿಸಿ ಅವಳು ಅಂದಳು, "ಏನ ಅನಸೂದೈತಿ, ಕೈ ನೋಡತೈತಿ, ನೋಡ್ಲಿ. ಹಾಂ, ಹಲ್ಲಾಗ ಸಿಕ್ಕಿದ್ದ ತಕ್ಕೊಳ್ಳಾಕ ಮಾತ್ರ ನಾ ಹೊರಗ ಹೋಗತೇನಿ." ಹಲ್ಲಿನಲ್ಲಿ ಸಿಕ್ಕಿದ್ದನ್ನು ತೆಗೆಯುವುದು ಕಳ್ಳತನವಲ್ಲ. ಆದರೂ ಹೊರಗೆ ಹೋಗುತ್ತಾಳೆ. ಹೌದಲ್ಲ?

ಮೇಡಂಗೆ ಏನೂ ಹೇಳಬೇಡ. ಹೇಳಿದರೆ ಅದು ಕಾಗದಕ್ಕೆ ಹೋಗುತ್ತದೆ, ಕಾಗದ ಊರಿಗೆ ಹೋಗುತ್ತದೆ. ಅವಳನ್ನು ಕರೆದುಕೊಂಡು ಹೋಗಿ ಆ ಬಚ್ಚಲಿನಲ್ಲಿ ನಿಲ್ಲಿಸು. ಮೇಲೆ ನೋಡು ಎನ್ನು. ಖಾಕಿ ಇದ್ದರೂ ಅವಳೂ ಎಲ್ಲಿಯಾದರೂ ಜಳಕ ಮಾಡುತ್ತಾಳಲ್ಲ.

ಅವ್ವ

ಮಾಮಾ, ಇದು ನಾನು ಸೋನಲ. ನಮ್ಮ ಕಾಲೇಜಿನಿಂದ ಕೊಲ್ಲಾಪುರಕ್ಕೆ ಭಾಷಣ ಸ್ಪರ್ಧೆಗೆ ನನ್ನನ್ನು ಕಳಿಸುತ್ತಾರೆ. ವಿಷಯ ಏನು ಗೊತ್ತೇ? ಖಾಸಗಿತನ ಮನುಷ್ಯನ ಹಕ್ಕು! ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಾಧೀಶರು ಕೂಡಿ ಅದು ಮೂಲಭೂತ ಹಕ್ಕು ಎಂದು ಹೇಳಿದ್ದಾರೆ, 2017ರಲ್ಲೇ. ಓದಿ ನಿನ್ನ ನೆನಪಾಯಿತು. ಅಷ್ಟು ದೊಡ್ಡವರು ಹೇಳಿದ ಮೇಲೂ ಆ ಮಾತು ನಿಮ್ಮ ಚಾಳದ ಬಚ್ಚಲಿನವರೆಗೆ ಯಾಕೆ ಬಂದಿಲ್ಲ? ಹೆಸರು ತೆಗೆದು ನಿನ್ನ ಸುದ್ದಿಯನ್ನು ಭಾಷಣದಲ್ಲಿ ಹೇಳಲೇ? ಪ್ಲೀಸ್ ಮಾಮಾ. ಮೊದಲ ನಂಬರ್ ನನಗೇ ಬರುತ್ತದೆ.

— ಸೋನಲ


ಇಚಲಕರಂಜಿ
09-02-2025

ಯವ್ವಾ,

ಸೇಠ ಸೂಟಿ ಕೊಡಲಿಲ್ಲ, ಬದ್ಲಿ ಮನಷ್ಯಾನ ನಿಲ್ಲಿಸಿ ಹೋದ್ನಿ. ಮೇಡಂ ಟೇಬಲ್ ಮುಂದ ನಿಂತ ಹೇಳಿದ್ನಿ: "ಮೇಡಂ, ಅವತ್ತ ನಾ ಹೇಳಿದ್ದನ್ನ ಬಾಯಿಲೆ ಹೇಳಾಕ ಬರಂಗಿಲ್ಲ. ತೋರಸ್ತೇನಿ. ನಮ್ಮ ಚಾಳಿಗಿ ಬರ್ರಿ. ಒಬ್ಬರ ಬರ್ರಿ."

ಹವಾಲ್ದಾರ ನಕ್ಕ. "ಕಾಯ ರೇ, ಹಳದಿ ಕುಂಕೂ ಆಹೇ ಕಾ?" ಅಂದ. ಹೆಣ್ಣಮಕ್ಕಳ ಅರಿಷಿಣ ಕುಂಕುಮಕ್ಕ ಕರಿಯಾಕ ಬಂದಿಯೇನ ಅಂತ ಚಾಷ್ಟಿ. ಮೇಡಂ ನಗಲಿಲ್ಲ. ನನ್ನ ಮಾರಿ ಭಾಳ ಹೊತ್ತ ನೋಡಿದ್ಲು. ಆಮ್ಯಾಲ ಟೊಪ್ಪಿಗಿ ತಗೊಂಡ ಎದ್ಲು.

ಚಾಳದಾಗ ಗಂಡಸರು ಪಾಳಿಗಿ ಹೋಗಿದ್ರು. ಕ್ಯಾಮೆರಾದ ಬಟ್ಟಿ ಎಂದೋ ತಗದಿದ್ರು, ಅದು ತನ್ನ ಪಾಡಿಗಿ ಹೊಳ್ಳಾಕತ್ತಿತ್ತು. ಹೆಣ್ಣಮಕ್ಕಳು ಖಾಕಿ ನೋಡಿ ಎದ್ದ ನಿಂತ್ರು. ನಾ ವೃಷಾಲಿಗಿ ಕೈ ಮಾಡಲಿಲ್ಲ ಈ ಸಲಾ, ಬಾಯಿ ಬಿಟ್ಟ ಹೇಳಿದ್ನಿ: "ಮೇಡಂಗ ಬಚ್ಚಲಾ ತೋರ್ಸು." ಆಕೀಗಿ ತಿಳೀತು. ಪರದೆ ಎತ್ತಿ ಹಿಡದ್ಲು. ಮೇಡಂ ಒಳಗ ಹೋದ್ಲು. ಪರದೆ ಬಿತ್ತು.

"ಕಾಯ ಆಹೇ ಇಥಂ?" ಅಂತ ಒಳಗಿಂದ ದನಿ ಬಂತು. ಇಲ್ಲೇನೈತಿ ಅಂತ.

ವೃಷಾಲಿ ಹೊರಗಿಂದನ ಅಂದ್ಲು, "ವರ ಬಘಾ, ಮೇಡಂ." ಮ್ಯಾಲ ನೋಡ್ರಿ.

ನಳದಾಗಿಂದ ನೀರ ತೊಟ್ಟಿಕ್ಕೂದು ಕೇಳಾಕತ್ತಿತ್ತು. ನಾ ದೂರ ಸರದ, ಬೆನ್ನ ಮಾಡಿ ನಿಂತಿದ್ನಿ. ಕಂಬದ ಕಣ್ಣ ಸಾವಕಾಶ ಹಿತ್ತಲ ಕಡೆ ಹೊಳ್ಳಿತು, ನಿಂತತು, ಮತ್ತ ಚೌಕದ ಕಡೆ ಹೋತು.

ಪರದೆ ಸರದ ಸಪ್ಪಳ ಕೇಳಿ ಹೊಳ್ಳಿ ನೋಡಿದ್ನಿ. ಮೇಡಂ ಹೊರಗ ಬಂದ್ಲು. ಯವ್ವಾ, ಮೈ ತುಂಬ ಖಾಕಿ ಐತಿ, ಬೆಲ್ಟ್ ಐತಿ, ಬೂಟ ಐತಿ, ಎಲ್ಲಾ ಗುಂಡಿ ಹಾಕ್ಯಾಳ. ಆದ್ರೂ ಆಕಿ ಕೈ ಕೊರಳಿಗಿ ಹೋಗಿ ಕಾಲರ್ ಗಟ್ಟಿ ಹಿಡದಿತ್ತು. ಹಿಡದಿದ್ದು ಆಕೀಗಿ ಗೊತ್ತ ಇರ್ಲಿಲ್ಲ. ಆ ಕೈ ಏನ ಹೇಳತೈತಿ ಅಂತ ಅಲ್ಲೆ ನಿಂತಾವ್ರು ಯಾರೂ ಕೇಳಬೇಕಾಗಲಿಲ್ಲ.

ನನ್ನ ಹಂತೇಕ ಬಂದ, "ನೀ ಇದನ್ನ ಟೀವಿಯೊಳಗ ನೋಡಿದಿ?" ಅಂದ್ಲು.

"ಹೌದ್ರಿ."

"ಯಾರಿದ್ರು?"

"ಗೊತ್ತಿಲ್ರಿ."

ನಾ ಸುಳ್ಳ ಹೇಳಾಕತ್ತೇನಿ ಅಂತ ಆಕೀಗಿ ಗೊತ್ತಾತು. ಗೊತ್ತಾದ್ರೂ ಮತ್ತ ಕೇಳದ ಹೊಂಟ್ಲು.

ಕಾಗದದಾಗ ಆಕಿ ಏನ ಬರದಾಳ ನಂಗ ಗೊತ್ತಿಲ್ಲ. ವೃಷಾಲಿಗಿ ಯಾರೂ ಕರದಿಲ್ಲ. ಕ್ಯಾಮೆರಾದ ಮಾರಿ ರಸ್ತಾದ ಕಡೆ ಮಾಡಿ, ಹೊಳ್ಳದಂಗ ಬಿಗದಾರ. ಶೇಂಗಾದಾಂವ ಈಗ ಅಲ್ಲಿಲ್ಲಂತ. ಹಳೇ ಚಿತ್ರಾ? ನಾ ಮೇಡಂಗ ಕೇಳಿದ್ನಿ. ಅಳಿಸಾಕ ಹೇಳೇನಿ ಅಂದ್ಲು. ಅಳಿಸಿದ್ದ ಖರೇನೋ ಸುಳ್ಳೋ ನೋಡೂದ ಹೆಂಗ ಯವ್ವಾ? ಅಳಿಸಿದ್ದು ಕಾಣಂಗಿಲ್ಲಲ್ಲ. ಇದೊಂದು ನನ್ನ ತಲಿಯಾಗ ಹೊಳ್ಳಾಕತ್ತೈತಿ. ಮತ್ತ ಇನ್ನೊಂದು: ಊರಾಗ ಇಂಥ ಕಂಬ ಇನ್ನೂ ಅದಾವಲ್ಲ, ಅವುಗಳ ಕೆಳಗಿನ ಚಾಳದಾಗ ಸೈಕಲ್ ಕಳಕೊಂಡಾಂವ ಯಾವನರೆ ಅದಾನೇನ?

ದತ್ತಾನ ಸುದ್ದಿ ಕೇಳು. ಯಾರ ಅವಗ ಏನ ಹೇಳಿದ್ರೋ, ಅಂವ ತಾನ ಏನ ತಿಳಕೊಂಡ್ನೋ. ನಿನ್ನೆ ಎಲ್ಲಿಂದೋ ತಗಡ ಹೊತಗೊಂಡ ಬಂದ, ಹೆಣ್ಣಮಕ್ಕಳ ಬಚ್ಚಲಕ್ಕ ಮ್ಯಾಲ ಹೊದಿಸಾಕ ಹತ್ತಿದ. "ಏನೋ ಇದು?" ಅಂದ್ನಿ. "ಮಳಿ ಬರತೈತಿ" ಅಂದ. ಮಾಘ ಮಾಸದಾಗ! ಮ್ಯಾಲ ನೋಡಿದ್ನಿ, ಒಂದ ಮೋಡ ಇಲ್ಲ. "ಹೌದ, ಭಾರೀ ಮಳಿ ಐತಿ" ಅಂದ್ನಿ, ನಿಚ್ಚಣಕಿ ಹಿಡದ್ನಿ. ಅಂವ ಮೊಳಿ ಹೊಡಕೋತ, "ಯಲ್ಲ್ಯಾ, ಗಟ್ಟಿ ಹಿಡೀಲೇ, ಸೈಕಲ್ ಹಿಡದಂಗ ಬಿಟ್ಟೀ" ಅಂದ. ಇವತ್ತ ಅವನ ಎಳಿ ಹರದಾಗ ನನ್ನ ಕೈ ಮಾಡಿ ಕರದ.

ಸೋನಲ, ಭಾಷಣದಾಗ ಹೇಳಬ್ಯಾಡವ್ವಾ. ಹೆಸರ ತಗದ್ರೂ ಮೈ ಉಳಿತೈತಿ. ಆಕಿ ಹೆಂಗ ನಿಂತಿದ್ಲು ಅಂತ ಮತ್ತ ನಾಕ ಮಂದಿ ಮನಸಿನಾಗ ಚಿತ್ರಾ ತಕ್ಕೊಂತಾರ. ನಂಬರ್ ಮುಂದಿನ ಸಲಾ ಬರತೈತಿ.

ಯವ್ವಾ, ಇನ್ನೊಂದ ಮಾತ ಉಳದೈತಿ. ಅದು ನಿಂಗ ಅಷ್ಟ. ಸೋನಲ, ನಿನ್ನ ಮ್ಯಾಲ ಸಿಟ್ಟಿಲ್ಲ, ನಿನ್ನ ಅಕ್ಷರಾ ಮುತ್ತ ಇದ್ದಂಗ ಅದಾವ. ಆದ್ರ ಇದು ಕಾಗದಕ್ಕ ಹೋಗೂ ಮಾತಲ್ಲ. ಮುಂದಿನ ಸೂಟಿಗಿ ನೀ ಒಂದ ದಿನಾ ಗೋಡಂಬಿ ಕೆಲಸಾ ಬಿಡು ಯವ್ವಾ. ಬೆಳಕ ಇರೂವಾಗ ಮಾಳಗಿ ಮ್ಯಾಲ ಕುಂತ ವಿಡಿಯೋ ಮಾಡತೇನಿ. ಕೈ ಕಾಣತಾವ.

ಯಲ್ಲು


ಗಡಹಿಂಗ್ಲಜ
02-03-2025

ಮಾಮಾ,

ಈ ಸಲ ನಾನೇ ಬರೆಯುತ್ತಿದ್ದೇನೆ, ಯಾರದ್ದನ್ನೂ ಕೇಳಿ ಬರೆಯುತ್ತಿಲ್ಲ.

ಕೊಲ್ಲಾಪುರದ ಭಾಷಣ ಮುಗಿಯಿತು. ನಿನ್ನ ಸುದ್ದಿ ಹೇಳಲಿಲ್ಲ. ನ್ಯಾಯಾಧೀಶರ ಮಾತು ಹೇಳಿದೆ, ಮೂಲಭೂತ ಹಕ್ಕು ಎಂದು ಎರಡು ಸಲ ಹೇಳಿದೆ. ನಡುವೆ, ಯಮುನವ್ವ ಆಯಿಯ ಹಾಗೆ ಹಲ್ಲಿನಲ್ಲಿ ಸಿಕ್ಕಿದ್ದನ್ನು ತೆಗೆಯಲು ಹೊರಗೆ ಹೋಗುವವರು ಇಲ್ಲಿ ಯಾರಿದ್ದೀರಿ ಎಂದು ಕೇಳಿದೆ. (ಅವಳನ್ನು ಕೇಳಿಯೇ ಹೇಳಿದೆ. "ನನ್ನ ಹಲ್ಲ ಕೊಲ್ಲಾಪುರ ನೋಡ್ಲಿ ಬಿಡು" ಎಂದಳು.) ಎಲ್ಲರೂ ನಕ್ಕರು. ಪರೀಕ್ಷಕರೊಬ್ಬರು ಬಾಯಿ ಮುಚ್ಚಿಕೊಂಡರು. ನಂಬರ್ ಬರಲಿಲ್ಲ. ಉದಾಹರಣೆ ಕಡಿಮೆಯಾಯಿತು ಎಂದರು. ನನ್ನ ಹತ್ತಿರ ಎಂಥ ಉದಾಹರಣೆ ಇತ್ತು ಎಂದು ಅವರಿಗೆ ಗೊತ್ತಿಲ್ಲ. ಬಸ್ಸಿನಲ್ಲಿ ಬರುವಾಗ ಅದೇ ಒಂದು ತರಹದ ಬಹುಮಾನ ಅನಿಸಿತು. ಸ್ವಲ್ಪ ಸಿಟ್ಟೂ ಬಂದಿತ್ತು, ಸುಳ್ಳು ಯಾಕೆ ಹೇಳಲಿ.

ಇಂದು ನೀನು ಫೋನ್ ಮಾಡಿದಾಗ ಅಜ್ಜಿಯ ಮುಂದೆ ಫೋನನ್ನು ಡಬ್ಬಿಗೆ ಒರಗಿಸಿ ನಿಲ್ಲಿಸಿದವಳು ನಾನೇ. ಅಜ್ಜಿ ಹೊಸ ಸೀರೆ ಉಟ್ಟಿದ್ದಳು, ನಿನಗೆ ಕಂಡಿರಬೇಕು. ನಿನ್ನ ಕೈ ಕಂಡದ್ದೇ ಅವಳು ನನ್ನ ಕಡೆ ತಿರುಗಿ, "ಸೋನಲ, ಹೊರಗ ಹೋಗವಾ" ಎಂದಳು. ಹೋದೆ. ಬಾಗಿಲನ್ನೂ ಎಳೆದುಕೊಂಡೆ.

ಆದರೆ ಮಾಮಾ, ಇಷ್ಟು ತಿಂಗಳು ನಿನ್ನ ಪ್ರತಿಯೊಂದು ಮಾತೂ ನನ್ನ ಕಿವಿಯಿಂದಲೇ ಹೋಗಿದೆ. ನೀನು ಕೆಮ್ಮಿದ್ದು, ಸುಮ್ಮನಾದದ್ದು, ಎಲ್ಲ ನನಗೆ ಗೊತ್ತು. ಆ ಒಂದೇ ಒಂದು ಹೆಸರು ನನಗೆ ಗೊತ್ತಿಲ್ಲ. ಕೈಮಾತು ನನಗೂ ಅಷ್ಟಿಷ್ಟು ಬರುತ್ತದೆ. ಕಟ್ಟೆಯ ಮೇಲೆ ಕೂತವಳಿಗೆ ಕಿಡಕಿ ಅರ್ಧ ತೆರೆದದ್ದು ಕಂಡಿತು. ಎದ್ದು ಅದರ ಹತ್ತಿರ ಹೋದೆ.

ಅಜ್ಜಿಯ ಬೆನ್ನು ಕಂಡಿತು, ಅವಳ ಕೈ ಏಳುವುದು ಕಂಡಿತು. ಸಣ್ಣದಾಗಿ ಫೋನಿನಲ್ಲಿ ನೀನು. ಇನ್ನು ಒಂದು ಹೆಜ್ಜೆ ಇಟ್ಟಿದ್ದರೆ ನಿನ್ನ ಬೆರಳೂ ಕಾಣುತ್ತಿದ್ದವು. ಅಷ್ಟರಲ್ಲಿ ಅಜ್ಜಿಯ ಕೈ ನಿಂತಿತು. ಫೋನಿನ ಮೂಲೆಯ ಸಣ್ಣ ಚಿತ್ರದಲ್ಲಿ ಅವಳ ಮಾರಿಯ ಹಿಂದೆ ಕಿಡಕಿ, ಕಿಡಕಿಯಲ್ಲಿ ನಾನೂ ಕಂಡಿದ್ದೆ. ಅವಳು ತಿರುಗಲಿಲ್ಲ. ನಿನಗೆ ತೋರಿಸುತ್ತ, ತನ್ನ ಹುಬ್ಬಿನ ಮೇಲೆ ಎರಡು ಬೆರಳು ಇಟ್ಟಳು.

ನಾನು ಹೊರಗಿನಿಂದ ಕಿಡಕಿ ಮುಚ್ಚಿದೆ.

ನಿನ್ನ ಸೊಸಿ,
ಸೋನಲ